ಶಾರ್ಟ್ ಶಿಫ್ಟರ್ ಹಾಕಬೇಕು ಅಂತಿದ್ದೇನೆ: ಎರಡರಿಂದ ಮೂರಕ್ಕೆ ಗೇರ್ ಬೀಳುತ್ತಿಲ್ಲ

ಮೂರನೇ ಗೇರ್:
ಎಲ್ಲರಿಗೂ ನಮಸ್ಕಾರ. ನನ್ನದು ಮುಂದೆ ವಿ8 ಎಂಜಿನ್, ಹಿಂದಿನ ಚಕ್ರಕ್ಕೆ ಪವರ್, ಆರು ಗೇರ್ ಮ್ಯಾನುಯಲ್ ಇರುವ ಎರಡು ಬಾಗಿಲಿನ ಕಾರು. 62,000 ಕಿ.ಮೀ. ಓಡಿದೆ. ವಾರವಿಡೀ ಆಫೀಸಿಗೆ ಇದೇ ಕಾರು, ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕ್‌ಗೂ ಇದೇ.

ಎರಡನೇ ಗೇರ್‌ನಲ್ಲಿ 6,500 ಆರ್‌ಪಿಎಂ ತನಕ ಎಳೆದು ಮೂರಕ್ಕೆ ತಳ್ಳಿದರೆ ಹತ್ತರಲ್ಲಿ ಮೂರು ಸಲ ಗೇರ್ ಬೀಳುವುದಿಲ್ಲ. ಲಿವರ್ ಗೋಡೆಗೆ ಗುದ್ದಿದ ಹಾಗೆ ನಿಂತುಬಿಡುತ್ತದೆ. ಒಂದು ಸಲ ಐದಕ್ಕೇ ಹೋಗಿ ಕೂತಿತ್ತು. ನಿಧಾನವಾಗಿ ಓಡಿಸುವಾಗ ಏನೂ ತೊಂದರೆ ಇಲ್ಲ, ಆದರೆ ನ್ಯೂಟ್ರಲ್‌ನಲ್ಲಿ ಲಿವರ್ ಆ ಕಡೆ ಈ ಕಡೆ ತುಂಬ ಅಲ್ಲಾಡುತ್ತದೆ.

ನನ್ನ ಮುಂದೆ ಮೂರು ದಾರಿ ಇವೆ. ಒಂದು, ಲಿವರ್ ಮಾತ್ರ ಬದಲಿಸಿ, ಗೇರ್ ಹಾಕಲು ಕೈ ಹೋಗುವ ದೂರ (ಥ್ರೋ) ಕಮ್ಮಿ ಮಾಡುವ ಶಾರ್ಟ್ ಥ್ರೋ ಕಿಟ್. ಎರಡು, ಕಾರಿನ ಬಾಡಿಗೆ, ಅಂದರೆ ಒಡಲಿಗೆ, ಬೋಲ್ಟ್ ಆಗುವ ಪೂರ್ತಿ ಶಿಫ್ಟರ್ (ಲಿವರ್ ಮತ್ತು ಅದು ಕೂರುವ ಬುಡ ಎರಡೂ). ಮೂರು, ಗೇರ್‌ಬಾಕ್ಸ್‌ಗೇ ಬೋಲ್ಟ್ ಆಗುವ ಪೂರ್ತಿ ಶಿಫ್ಟರ್. ಯಾವುದು ಒಳ್ಳೆಯದು? ದಿನಾ ಓಡಿಸುವ ಕಾರು ಅನ್ನುವುದು ಮನಸ್ಸಿನಲ್ಲಿರಲಿ.

ನಾಲ್ಕು ಸಾವಿರ:
ಸುಮ್ನೆ ಶಾರ್ಟ್ ಥ್ರೋ ಲಿವರ್ ಹಾಕಿ ಗುರು. ನಾನು ಹಾಕಿ ಎರಡು ವರ್ಷ ಆಯಿತು. ಕೈ ಅಲ್ಲಾಡಿಸಿದ್ದೇ ಗೊತ್ತಾಗಲ್ಲ, ಗೇರ್ ಬಿದ್ದಿರುತ್ತದೆ. ಕಾರಿಗೆ ಮಾಡಿದ ಕೆಲಸಗಳಲ್ಲಿ ನನಗೆ ತುಂಬ ಖುಷಿ ಕೊಟ್ಟಿದ್ದು ಇದೇ.

ಹಳೇ ಲೇತ್:
ಖುಷಿಯ ಮಾತು ಒಪ್ಪುತ್ತೇನೆ. ಆದರೆ ಮೂರನೇ ಗೇರ್ ಅವರು ಹೇಳುತ್ತಿರುವುದು ಬೇರೆ ಕಥೆ. ಅವರ ಕಾರಿನಲ್ಲಿ ಲಿವರ್ ದೂರ ಹೋಗಬೇಕು ಅನ್ನುವುದು ತೊಂದರೆ ಅಲ್ಲ. ಗೇರ್ ಎಲ್ಲಿದೆ ಅಂತ ಲಿವರ್‌ಗೆ ಗೊತ್ತಾಗುತ್ತಿಲ್ಲ, ಅದು ತೊಂದರೆ. ಇವೆರಡನ್ನು ಒಂದೇ ಅಂದುಕೊಂಡು ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ಏನನ್ನೂ ಕೊಳ್ಳುವ ಮೊದಲು ಮೂರು ಪರೀಕ್ಷೆ ಮಾಡಿ.

ಮೊದಲನೆಯದು, ಎಂಜಿನ್ ಆಫ್ ಮಾಡಿ, ಕ್ಲಚ್ ತುಳಿದು ಆರೂ ಗೇರ್ ಹಾಕಿ ನೋಡಿ. ಒಳಗೆ ಹಲ್ಲಿಗೆ ಹಲ್ಲು ಎದುರಾಗಿ ನಿಂತರೆ ಒಂದೊಂದು ಸಲ ಗೇರ್ ಕೂರುವುದಿಲ್ಲ. ಆಗ ಕಾರನ್ನು ಅರ್ಧ ಅಡಿ ತಳ್ಳಿ ಮತ್ತೆ ಹಾಕಿ. ಈಗ ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಅದನ್ನೇ ಮಾಡಿ. ಆಫ್ ಇದ್ದಾಗ ಬೆಣ್ಣೆ ಹಾಗೆ ಬೀಳುವ ಗೇರ್ ಆನ್ ಇದ್ದಾಗ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಅದಕ್ಕೆ ಜಗತ್ತಿನ ಯಾವ ಶಿಫ್ಟರೂ ಮದ್ದಲ್ಲ.

ಎರಡನೆಯದು, ಕಿವಿಯ ಪರೀಕ್ಷೆ. ಮೂರು ಬೀಳದಿದ್ದಾಗ ‘ಕರ್ರ್’ ಅನ್ನುತ್ತದೆಯೋ, ಸದ್ದಿಲ್ಲದೆ ಗೋಡೆ ಮುಟ್ಟಿದ ಹಾಗೆ ನಿಲ್ಲುತ್ತದೆಯೋ? ಕರ್ರ್ ಅಂದರೆ ಸಿಂಕ್ರೊ (ಗೇರ್ ಬೀಳುವ ಮೊದಲು ಒಳಗಿನ ವೇಗಗಳನ್ನು ಒಂದು ಮಾಡುವ ರಿಂಗ್) ಅಥವಾ ಕ್ಲಚ್ ಕಡೆ ನೋಡಬೇಕು. ಸದ್ದಿಲ್ಲದೆ ನಿಂತರೆ ಲಿವರ್ ಗೇಟ್, ಅಂದರೆ ಆ ಗೇರ್‌ಗೆ ಹೋಗುವ ಸಂದಿ, ತಪ್ಪಿರುವ ಸಾಧ್ಯತೆ ಜಾಸ್ತಿ.

ಮೂರನೆಯದು, ಕಾರನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ಹೋಗಿ ಟಾರ್ಚ್ ಹಾಕಿ. ಶಿಫ್ಟರ್ ಯಾವುದಕ್ಕೆ ಬೋಲ್ಟ್ ಆಗಿದೆ? ಗೇರ್‌ಬಾಕ್ಸ್‌ಗೋ, ಬಾಡಿಗೋ? ಒಳಗೆ ಒಬ್ಬರು ಲಿವರ್ ಅಲ್ಲಾಡಿಸಲಿ, ನೀವು ಒಂದೊಂದು ಜಾಯಿಂಟ್ ಮೇಲೂ ಬೆರಳಿಟ್ಟು ನೋಡಿ. ಆಟ, ಅಂದರೆ ಸಡಿಲ, ಎಲ್ಲಿದೆ ಅಂತ ಕಣ್ಣಿಗಿಂತ ಮೊದಲು ಬೆರಳೇ ಹೇಳುತ್ತದೆ.

ನಾಲ್ಕು ಸಾವಿರ:
ಅಣ್ಣ, ಥ್ರೋ ಕಮ್ಮಿ ಆದರೆ ಗೇರ್ ಬೇಗ ಬೀಳಲ್ವಾ? ಅದರಿಂದ ಅವರಿಗೂ ಲಾಭವೇ ಅಲ್ವಾ?

ಹಳೇ ಲೇತ್:
ಒಳ್ಳೆ ಪ್ರಶ್ನೆ. ಒಂದು ಲೆಕ್ಕ ನೋಡಿ. ಗೇರ್ ಲಿವರ್ ಅಂದರೆ ಸನ್ನೆಕೋಲು, ಬೇರೇನೂ ಅಲ್ಲ. ನಡುವೆ ಒಂದು ಬಾಲ್, ಅದೇ ಪಿವಟ್. ಪಿವಟ್‌ನಿಂದ ನಾಬ್ (ಕೈ ಹಿಡಿಯುವ ಗುಂಡು) ತನಕ 240 ಮಿ.ಮೀ., ಕೆಳಗೆ 40 ಮಿ.ಮೀ. ಅಂತಿಟ್ಟುಕೊಳ್ಳಿ. ಅನುಪಾತ 6. ಕೆಳಗಿನ ತುದಿ 10 ಮಿ.ಮೀ. ಸರಿಯಬೇಕಾದರೆ ನಿಮ್ಮ ಕೈ 60 ಮಿ.ಮೀ. ಹೋಗಬೇಕು.

ಇದನ್ನು ಕಮ್ಮಿ ಮಾಡಲು ಎರಡು ದಾರಿ. ಮೇಲಿನ ಭಾಗ ಗಿಡ್ಡ ಮಾಡಿ 200 ಮಿ.ಮೀ.ಗೆ ಇಳಿಸಿದರೆ ಅನುಪಾತ 5, ಕೈ 50 ಮಿ.ಮೀ. ಹೋದರೆ ಸಾಕು. ಆದರೆ ನಾಬ್ 4 ಸೆಂ.ಮೀ. ಕೆಳಗಿಳಿಯಿತು, ಸ್ಟೀರಿಂಗ್‌ನಿಂದ ಅಷ್ಟು ದೂರ ಆಯಿತು. ಇನ್ನೊಂದು ದಾರಿ, ಕೆಳಗಿನ ಭಾಗ ಉದ್ದ ಮಾಡುವುದು. 40 ಇದ್ದದ್ದು 50 ಆದರೆ ಅನುಪಾತ 4.8, ಕೈ ಹೋಗುವುದು 48 ಮಿ.ಮೀ. ನಾಬ್ ಇದ್ದಲ್ಲೇ ಇರುತ್ತದೆ. ಒಳ್ಳೆಯ ಶಿಫ್ಟರ್‌ಗಳು ಹೆಚ್ಚಾಗಿ ಈ ಎರಡನೇ ದಾರಿ ಹಿಡಿಯುತ್ತವೆ.

ಈಗ ಬೆಲೆ ತೆರಬೇಕಾದ ಜಾಗ. ದೂರ ಎಷ್ಟು ಕಮ್ಮಿ ಆಯಿತೋ ಬಲ ಅಷ್ಟು ಜಾಸ್ತಿ ಬೇಕು. ಕೆಳಗೆ 120 ನ್ಯೂಟನ್ ಬೇಕಿದ್ದರೆ 6ರ ಅನುಪಾತದಲ್ಲಿ ನಿಮ್ಮ ಕೈ 20 ನ್ಯೂಟನ್ ಕೊಟ್ಟರೆ ಸಾಕು, 4.8ರಲ್ಲಿ 25 ಕೊಡಬೇಕು. ಕಾಲು ಭಾಗ ಹೆಚ್ಚು. ದಾರಿ ತುಂಬ ಟ್ರಾಫಿಕ್ ಇರುವ ದಿನ ಇದು ಕೈಗೆ ಗೊತ್ತಾಗುತ್ತದೆ.

ಇನ್ನು ‘ಬೇಗ ಬೀಳುತ್ತದೆ’ ಅನ್ನುವ ಮಾತು. ಗೇರ್ ಬೀಳುವ ವೇಗ ನಿರ್ಧಾರ ಆಗುವುದು ನಿಮ್ಮ ಕೈಯಲ್ಲಲ್ಲ, ಸಿಂಕ್ರೊದಲ್ಲಿ. ಸಿಂಕ್ರೊ ರಿಂಗ್ ಗೇರ್‌ನ ಕೋನ್ ಮೇಲೆ ಒತ್ತಿ, ಉಜ್ಜಿ, ಎರಡರ ವೇಗವನ್ನೂ ಒಂದು ಮಾಡಬೇಕು. ಅದು ಆಗುವ ತನಕ ಗೇರ್ ಕೂರಿಸುವ ಸ್ಲೀವ್ ಮುಂದೆ ಹೋಗದ ಹಾಗೆ ಅದೇ ರಿಂಗ್ ತಡೆಯುತ್ತದೆ. ಗಿಡ್ಡ ಲಿವರ್ ಹಾಕಿದರೂ ಆ ಕೆಲಸ ಅಷ್ಟೇ ಇರುತ್ತದೆ. ಕೈ ಮಾತ್ರ ಬೇಗ ಹೋಗಿ ಅಲ್ಲಿ ಕಾಯುತ್ತದೆ. ಕಾಯದೆ ಗುದ್ದಿದರೆ ಸವೆಯುವುದು ಸಿಂಕ್ರೊ, ಬಾಗುವುದು ಆ ಸ್ಲೀವನ್ನು ತಳ್ಳುವ ಶಿಫ್ಟ್ ಫೋರ್ಕ್.

ಶಾರ್ಟ್ ಥ್ರೋ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಕಾರು ಆರೋಗ್ಯವಾಗಿತ್ತು, ಅದಕ್ಕೇ ನಿಮಗೆ ಸುಖ ಸಿಕ್ಕಿತು.

ನಾಲ್ಕು ಸಾವಿರ:
ಅರ್ಥ ಆಯಿತು ಅಣ್ಣ. ನಾನು ಹಾಕುವ ಮೊದಲು ಬುಷ್ (ಜಾಯಿಂಟ್ ಒಳಗಿನ ರಬ್ಬರ್ ಬಳೆ) ಎಲ್ಲ ಹೊಸದು ಮಾಡಿಸಿದ್ದೆ. ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮೂರನೇ ಗೇರ್:
ಭಾನುವಾರ ಬೆಳಿಗ್ಗೆ ಪೂರ್ತಿ ಕಾರಿನ ಕೆಳಗೇ ಕಳೆದೆ. ಎಂಜಿನ್ ಆಫ್ ಇದ್ದಾಗ ಆರೂ ಗೇರ್ ಸಲೀಸು. ಆನ್ ಇದ್ದಾಗಲೂ ಅಷ್ಟೇ ಸಲೀಸು. ಮೂರು ಬೀಳದಿದ್ದಾಗ ಕರ್ರ್ ಸದ್ದು ಇಲ್ಲವೇ ಇಲ್ಲ, ಸುಮ್ನೆ ನಿಲ್ಲುತ್ತದೆ.

ಶಿಫ್ಟರ್ ಗೇರ್‌ಬಾಕ್ಸ್ ಮೇಲೆ ಇಲ್ಲ. ಗೇರ್‌ಬಾಕ್ಸ್‌ನ ಹಿಂದೆ, ಒಂದು ಉದ್ದ ತೋಳಿನ ತುದಿಯಲ್ಲಿ ಕೂತಿದೆ. ಆ ತೋಳಿನ ಮುಂದಿನ ತುದಿ ಗೇರ್‌ಬಾಕ್ಸ್‌ಗೆ, ಹಿಂದಿನ ತುದಿ ಒಂದು ರಬ್ಬರ್ ಬುಷ್ ಮೂಲಕ ಬಾಡಿಗೆ. ಆ ರಬ್ಬರ್ ನೋಡಿ ನನಗೆ ಬೇಜಾರಾಯಿತು. ಒಂದು ಬದಿಯಲ್ಲಿ ಉಗುರು ಹೋಗುವಷ್ಟು ಬಿರುಕು. ಹೆಂಡತಿ ಒಳಗೆ ಕೂತು ಲಿವರ್ ಎಡಕ್ಕೆ ಬಲಕ್ಕೆ ತಳ್ಳಿದಾಗ ಒಳಗಿನ ಕಬ್ಬಿಣದ ಬುಷ್ ರಬ್ಬರ್‌ನೊಳಗೆ ಓಲಾಡುತ್ತಿತ್ತು, ಬಿರುಕು ಬಾಯಿ ತೆರೆದು ಮುಚ್ಚುತ್ತಿತ್ತು. ಲಿವರ್‌ನ ಚಲನೆಯನ್ನು ಗೇರ್‌ಬಾಕ್ಸ್‌ಗೆ ಒಯ್ಯುವ ಸೆಲೆಕ್ಟರ್ ರಾಡ್‌ನ ಜಾಯಿಂಟ್‌ನಲ್ಲೂ ಸ್ವಲ್ಪ ಆಟ ಇದೆ, ಬೆರಳಿಗೆ ‘ಟಿಕ್’ ಅಂತ ತಗಲುತ್ತದೆ.

ಹಳೇ ಲೇತ್:
ಸಿಕ್ಕಿತಲ್ಲ! ಈಗ ನಿಮ್ಮ ಎರಡು-ಮೂರರ ಕಥೆ ಪೂರ್ತಿ ಹೇಳಬಹುದು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಬೋಲ್ಟ್ ಆಗಿ ಒಂದೇ ಗಟ್ಟಿ. ಆ ಗಟ್ಟಿ ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ. ನೀವು ಪೂರ್ತಿ ಥ್ರಾಟಲ್ ಕೊಟ್ಟಾಗ ಅದು ಒಂದು ಬದಿಗೆ ತಿರುಚಿಕೊಳ್ಳುತ್ತದೆ. ಕ್ಲಚ್ ತುಳಿದ ಕೂಡಲೇ ಬಿಟ್ಟ ಸ್ಪ್ರಿಂಗ್ ಹಾಗೆ ವಾಪಸ್ ಬರುತ್ತದೆ. ನಿಮ್ಮ ಕೈ ಎರಡರಿಂದ ಹೊರಟು, ಬಲಕ್ಕೆ ಸರಿದು, ಮೂರಕ್ಕೆ ಹೋಗುವುದೂ ಸರಿಯಾಗಿ ಅದೇ ಕ್ಷಣ. ಗೇರ್‌ಬಾಕ್ಸ್ ಅಲ್ಲಾಡುತ್ತಿದೆ, ಶಿಫ್ಟರ್‌ನ ಬುಡ ಬಾಡಿ ಜೊತೆ ನಿಂತಿದೆ. ಅಂದರೆ ನೀವು ಗುರಿ ಇಟ್ಟ ಗೇಟ್ ನಿಂತಲ್ಲಿ ನಿಂತಿಲ್ಲ. ನಿಧಾನವಾಗಿ ಓಡಿಸುವಾಗ ಈ ತಿರುಚು ಇಲ್ಲ, ಅದಕ್ಕೇ ಆಗ ತೊಂದರೆಯೂ ಇಲ್ಲ.

ಮೂರರಿಂದ ನಾಲ್ಕು ನೇರ ಹಿಂದಕ್ಕೆ. ಎರಡರಿಂದ ಮೂರಕ್ಕಾದರೆ ನಡುವೆ ಪಕ್ಕಕ್ಕೆ ಸರಿಯಬೇಕು. ಅದಕ್ಕೇ ಈ ರೋಗ ಮೊದಲು ಕಾಣಿಸುವುದು ಅಲ್ಲೇ. ಕೈ ಸ್ವಲ್ಪ ಕಮ್ಮಿ ಸರಿದರೆ ಒಂದು ಮತ್ತು ಮೂರರ ನಡುವಿನ ಗೋಡೆ, ಜಾಸ್ತಿ ಸರಿದರೆ ಐದು.

2011ರಿಂದ ಫೋರ್ಡ್ ಮಸ್ಟಾಂಗ್ ಜಿಟಿಯಲ್ಲಿ ಬಂದ ಎಂಟಿ-82 ಗೇರ್‌ಬಾಕ್ಸ್‌ನ ಶಿಫ್ಟರ್ ವಿನ್ಯಾಸವೂ ಇದೇ ಜಾತಿ. ಆ ಕಾರಿಗೆ ಬರುವ ಬಿಡಿ ಶಿಫ್ಟರ್‌ಗಳಲ್ಲಿ ಇದೇ ಕಾರಣಕ್ಕೆ ಎರಡು ಪಂಗಡ ಇವೆ. ಒಂದು ಪಂಗಡ ಬಾಡಿ ಕಡೆಯ ಬುಷ್ ಮತ್ತು ಬ್ರಾಕೆಟ್ ಗಟ್ಟಿ ಮಾಡುತ್ತದೆ. ಎಂಜಿಡಬ್ಲ್ಯು ಕಂಪನಿಯ ರೇಸ್ ಸ್ಪೆಕ್ ಥರದ್ದು ಬಾಡಿಯ ಸಂಬಂಧವನ್ನೇ ಕಳಚಿ, ಶಿಫ್ಟರನ್ನು ಗೇರ್‌ಬಾಕ್ಸ್‌ಗೇ ಕಟ್ಟುತ್ತದೆ. ಇನ್ನೊಂದು ತುದಿಯಲ್ಲಿ 1989ರ ಮಜ್ದಾ ಎಂಎಕ್ಸ್-5, 1999ರ ಹೋಂಡಾ ಎಸ್2000 ಇವೆ. ಅವುಗಳಲ್ಲಿ ಲಿವರ್ ನೇರ ಗೇರ್‌ಬಾಕ್ಸ್ ತಲೆಯ ಮೇಲೇ ಕೂತಿದೆ. ತೋಳಿಲ್ಲ, ರಾಡ್ ಇಲ್ಲ. ಅವೆರಡರ ಗೇರ್ ಹಾಕುವ ಸುಖವನ್ನು ಜನ ಈಗಲೂ ಬಾಯಿ ತುಂಬ ಹೊಗಳುವುದಕ್ಕೆ ಇದೇ ದೊಡ್ಡ ಕಾರಣ.

ನನ್ನ ಮಾತು ಕೇಳಿದರೆ ಮೊದಲು ಆ ಬುಷ್ ಬದಲಿಸಿ. ಎಂಜಿನ್ ಮೌಂಟ್, ಗೇರ್‌ಬಾಕ್ಸ್ ಮೌಂಟ್ ಎರಡನ್ನೂ ನೋಡಿ. ಆಮೇಲೂ ಬೇಕು ಅನ್ನಿಸಿದರೆ ಮೂರನೇ ದಾರಿ, ಗೇರ್‌ಬಾಕ್ಸ್‌ಗೆ ಬೋಲ್ಟ್ ಆಗುವ ಶಿಫ್ಟರ್. ನಿಮ್ಮ ಕಾರಿಗೆ ಮೊದಲನೇ ದಾರಿ ಬೇಡವೇ ಬೇಡ. ಗೇಟ್ ತಪ್ಪುತ್ತಿರುವಾಗ ಗೇಟ್‌ಗಳನ್ನು ಇನ್ನಷ್ಟು ಹತ್ತಿರ ಮಾಡಿಕೊಂಡ ಹಾಗಾಗುತ್ತದೆ.

ಎರಡು ಕೇಬಲ್:
ಮುಂದಿನ ಚಕ್ರಕ್ಕೆ ಪವರ್ ಇರುವ ಕಾರಿನವರೂ ಇದನ್ನು ಓದುತ್ತಿರುತ್ತಾರೆ, ಅವರಿಗಾಗಿ ಒಂದು ಮಾತು. ಎಂಜಿನ್ ಅಡ್ಡ ಕೂತಿರುವ ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ರಾಡ್ ಇರುವುದಿಲ್ಲ, ಎರಡು ಕೇಬಲ್ ಇರುತ್ತವೆ. ಒಂದು ಹಿಂದೆ-ಮುಂದೆಗೆ, ಒಂದು ಎಡ-ಬಲಕ್ಕೆ. ಅಗ್ಗದ ಶಾರ್ಟ್ ಥ್ರೋ ಕಿಟ್‌ಗಳು ಹೆಚ್ಚಾಗಿ ಮೊದಲನೆಯದನ್ನು ಮಾತ್ರ ಗಿಡ್ಡ ಮಾಡುತ್ತವೆ. ಆಗ ಹಿಂದೆ-ಮುಂದೆ ಚುರುಕು, ಎಡ-ಬಲ ಮೊದಲಿನಷ್ಟೇ ಉದ್ದ. ಕೈಗೆ ಒಂಥರಾ ಒಗ್ಗುವುದಿಲ್ಲ. ನಾನು ಅದನ್ನು ಆರು ತಿಂಗಳು ಸಹಿಸಿಕೊಂಡು ಆಮೇಲೆ ತೆಗೆದೆ.

ಕೇಬಲ್ ತುದಿಯ ರಬ್ಬರ್ ಬುಷ್ ತೆಗೆದು ಗಟ್ಟಿಯದು ಹಾಕಿದ್ದು, ಶಿಫ್ಟರ್ ಪೆಟ್ಟಿಗೆ ನೆಲಕ್ಕೆ ಕೂರುವ ಕಡೆಯ ನಾಲ್ಕು ಬುಷ್ ಬದಲಿಸಿದ್ದು, ಕೇಬಲ್ ಸರಿಯಾಗಿ ಹೊಂದಿಸಿದ್ದು: ಇಷ್ಟರಲ್ಲೇ ನನ್ನ ಕಾರು ಬೇರೆ ಕಾರಾಯಿತು. ಥ್ರೋ ಒಂದು ಮಿ.ಮೀ. ಕೂಡ ಕಮ್ಮಿ ಆಗಿಲ್ಲ.

ಕೊನೇ ತಿರುವು:
ಹಳೇ ಲೇತ್ ಸರ್ ಹೇಳಿದ ಗೇಟ್ ಮಾತಿಗೆ ನಾನು ಒಂದು ವಿಷಯ ಸೇರಿಸುತ್ತೇನೆ. ಸೆಂಟರಿಂಗ್ ಸ್ಪ್ರಿಂಗ್. ನ್ಯೂಟ್ರಲ್‌ನಲ್ಲಿ ಕೈ ಬಿಟ್ಟರೆ ಲಿವರ್ ಮೂರು-ನಾಲ್ಕರ ಸಾಲಿಗೆ ಬಂದು ನಿಲ್ಲಬೇಕು. ಅದನ್ನು ಮಾಡುವುದು ಈ ಸ್ಪ್ರಿಂಗ್. ಶಿಫ್ಟರ್ ಆರಿಸುವಾಗ ಎಲ್ಲರೂ ಥ್ರೋ ಎಷ್ಟು ಶೇಕಡಾ ಕಮ್ಮಿ ಅಂತ ಕೇಳುತ್ತಾರೆ. ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ಯಾರೂ ಕೇಳುವುದಿಲ್ಲ.

ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಟ್ರ್ಯಾಕ್‌ನಲ್ಲಿ ನನ್ನ ಕೈಯಲ್ಲೇ ಒಂದು ಎಂಜಿನ್ ಹೋಗಿದೆ. ಮೂರರಿಂದ ನಾಲ್ಕಕ್ಕೆ ಎಳೆಯಬೇಕಿತ್ತು. ತಿರುವಿನಲ್ಲಿದ್ದೆ, ಮೈ ಒಂದು ಕಡೆ ವಾಲಿತ್ತು, ಕೈ ಎಡಕ್ಕೆ ಎಳೆಯಿತು, ಎರಡು ಬಿತ್ತು. ಸ್ಪ್ರಿಂಗ್ ಮೆತ್ತಗಿತ್ತು, ‘ಇಲ್ಲಿ ಅಲ್ಲ’ ಅಂತ ಕೈಗೆ ಹೇಳಲೇ ಇಲ್ಲ.

ಇದು ಎಷ್ಟು ದೊಡ್ಡ ಪೆಟ್ಟು ಅಂತ ಲೆಕ್ಕ ಹಾಕಿ. ಟ್ರೆಮೆಕ್ ಟಿ-56 ಗೇರ್‌ಬಾಕ್ಸ್‌ನ ಒಂದು ಗೇರ್ ಸೆಟ್‌ನಲ್ಲಿ ಎರಡರ ಅನುಪಾತ 1.78, ಮೂರರದ್ದು 1.30, ನಾಲ್ಕರದ್ದು 1.00. ಮೂರರಲ್ಲಿ 6,500 ಇದ್ದಾಗ ನಾಲ್ಕಕ್ಕೆ ಹೋದರೆ ಎಂಜಿನ್ 5,000ಕ್ಕೆ ಇಳಿಯುತ್ತದೆ. ಎರಡಕ್ಕೆ ಹೋದರೆ 8,900ಕ್ಕೆ ಏರುತ್ತದೆ. ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಅಷ್ಟೇ. ಇಲ್ಲಿ ಎಂಜಿನ್ ತಿರುಗಿಸುತ್ತಿರುವುದು ಚಕ್ರ. ಅದನ್ನು ಲಿಮಿಟರ್ ತಡೆಯಲಾರದು. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ.

ಆದ್ದರಿಂದ ಟ್ರ್ಯಾಕ್‌ಗೆ ಹೋಗುವವರು ಗಟ್ಟಿ ಸೆಂಟರಿಂಗ್ ಇರುವ ಶಿಫ್ಟರನ್ನೇ ತೆಗೆದುಕೊಳ್ಳಿ. ಮೂರು-ನಾಲ್ಕರ ಸಾಲಿನಲ್ಲಿ ಅಂಗೈ ತೆರೆದು ತಳ್ಳಿ, ಬೆರಳಿನಲ್ಲಿ ಎಳೆಯಿರಿ. ನಾಬನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಪಕ್ಕಕ್ಕೆ ಕರೆದುಕೊಂಡು ಹೋಗುವ ಕೆಲಸ ಸ್ಪ್ರಿಂಗ್‌ಗೇ ಬಿಡಿ.

ಮೂರನೇ ಗೇರ್:
ಓದಿ ಎದೆ ಝಲ್ ಅಂದಿತು. ಐದಕ್ಕೆ ಹೋಗಿ ಕೂತಾಗ ನಾನು ಬಚಾವಾಗಿದ್ದೆ ಅಂತ ಈಗ ಗೊತ್ತಾಗುತ್ತಿದೆ.

ಇನ್ನೊಂದು ಪ್ರಶ್ನೆ. ಗೇರ್‌ಬಾಕ್ಸ್‌ಗೆ ಬೋಲ್ಟ್ ಆಗುವುದು ಹಾಕಿದರೆ ಸದ್ದು ಒಳಗೆ ಬರುತ್ತದೆ ಅಂತಾರೆ. ಎಷ್ಟು? ಮತ್ತೆ ಬುಷ್ ಪಾಲಿಯುರೆಥೇನ್ ಹಾಕಲೋ, ಡೆಲ್ರಿನ್ ಹಾಕಲೋ?

ಬುಷ್ ಗ್ರೀಸ್:
ಸದ್ದು ಬರುತ್ತದೆ, ಮುಚ್ಚಿಡುವುದು ಬೇಡ. ಕಂಪನಿಯವರು ರಬ್ಬರ್ ಇಟ್ಟಿದ್ದೇ ಗೇರ್‌ಬಾಕ್ಸ್ ಸದ್ದು, ನಡುಕ ನಿಮ್ಮ ಅಂಗೈಗೆ ಬರದಿರಲಿ ಅಂತ. ಅದನ್ನು ತೆಗೆದರೆ ಕೆಲವು ಆರ್‌ಪಿಎಂನಲ್ಲಿ ನಾಬ್ ಗುಂಯ್ ಅನ್ನುತ್ತದೆ.

ಪಾಲಿಯುರೆಥೇನ್ ರಬ್ಬರ್‌ಗಿಂತ ಗಟ್ಟಿ, ಆದರೂ ಸ್ವಲ್ಪ ಕೊಡುತ್ತದೆ. ಗ್ರೀಸ್ ಒಣಗಿದರೆ ಕೀಚ್ ಕೀಚ್ ಅನ್ನುತ್ತದೆ. ಸಿಲಿಕೋನ್ ಗ್ರೀಸ್ ಹಾಕಿ. ಡೆಲ್ರಿನ್ ನುಣ್ಣಗೆ ಜಾರುವ ಗಟ್ಟಿ ಪ್ಲಾಸ್ಟಿಕ್, ತಿರುಗುವ ಜಾಯಿಂಟ್‌ಗೆ ಅದು ಚೆನ್ನ. ಇಡೀ ಲೋಹದ್ದು, ಗೋಳದ ಬೇರಿಂಗ್ ಥರದ್ದು, ರೇಸ್ ಕಾರಿಗೆ ಇರಲಿ. ನಿಮ್ಮದು ದಿನದ ಕಾರು. ಬಾಡಿ ಕಡೆ ಪಾಲಿ, ಸೆಲೆಕ್ಟರ್ ಜಾಯಿಂಟ್‌ಗೆ ಡೆಲ್ರಿನ್.

ಸದ್ದಿನ ಅರ್ಧ ಜವಾಬ್ದಾರಿ ಕೆಳಗಿನ ರಬ್ಬರ್ ಬೂಟ್‌ದು. ಶಿಫ್ಟರ್ ಬದಲಿಸುವಾಗ ಅದನ್ನು ಹರಿದು ಬಿಸಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸದ್ದು, ಬಿಸಿ, ಎಕ್ಸಾಸ್ಟ್ ಹೊಗೆ ಎಲ್ಲವನ್ನೂ ಹೊರಗೆ ನಿಲ್ಲಿಸುವುದು ಅದೊಂದೇ.

ನಾಲ್ಕು ಸಾವಿರ:
ಭಾರದ ನಾಬ್ ಬಗ್ಗೆ ಯಾರೂ ಹೇಳಲಿಲ್ಲ. ನಾನು 450 ಗ್ರಾಂದು ಹಾಕಿದ್ದೇನೆ, ಒಳ್ಳೆ ಹಿತ.

ಹಳೇ ಲೇತ್:
ಭಾರದ ನಾಬ್ ಒಳ್ಳೆಯದೇ. ಅದರ ಓಟದ ಬಲ ಲಿವರನ್ನು ಸಿಂಕ್ರೊ ದಾಟಿಸಲು ಕೈಗೆ ನೆರವಾಗುತ್ತದೆ. ಥ್ರೋ ಕಮ್ಮಿ ಮಾಡಿದವರಿಗೆ ಜಾಸ್ತಿ ಉಪಯೋಗ. ಕೊಳ್ಳುವಾಗ ಥ್ರೆಡ್ ಅಳತೆ ನೋಡಿ. ಹೋಂಡಾಗಳಲ್ಲಿ ಸಾಮಾನ್ಯವಾಗಿ ಎಂ10×1.5, ಮಜ್ದಾದಲ್ಲಿ ಎಂ10×1.25, ಸುಬಾರುವಿನಲ್ಲಿ ಎಂ12×1.25.

ಶಿಫ್ಟರ್‌ಗೆ ಸ್ಟಾಪ್ ಬೋಲ್ಟ್ ಇದೆಯಾ ಅಂತಲೂ ನೋಡಿ. ಬಿಡಿ ಶಿಫ್ಟರ್ ಅನ್ನುವ ಮಾತಿಗೆ ಹೆಸರು ತಂದುಕೊಟ್ಟವರು ಅಮೆರಿಕದ ಹರ್ಸ್ಟ್ ಕಂಪನಿ. 1964ರ ಪಾಂಟಿಯಾಕ್ ಜಿಟಿಒಗೆ ಕಾರ್ಖಾನೆಯಿಂದಲೇ ಅವರ ಶಿಫ್ಟರ್ ಬರುತ್ತಿತ್ತು. ಅವರ ಕಾಂಪಿಟಿಶನ್ ಪ್ಲಸ್‌ನಲ್ಲಿ ಹೊಂದಿಸಬಹುದಾದ ಸ್ಟಾಪ್ ಬೋಲ್ಟ್ ಇದೆ. ಲಿವರ್ ಗೇರ್ ಹಾಕಿದ ಮೇಲೂ ಮುಂದೆ ಹೋಗದ ಹಾಗೆ ಅದು ತಡೆಯುತ್ತದೆ. ಇಲ್ಲದಿದ್ದರೆ ಆವೇಶದಲ್ಲಿ ನೀವು ಹಾಕುವ ಬಲವೆಲ್ಲ ಶಿಫ್ಟ್ ಫೋರ್ಕ್ ಮೇಲೆ ಬೀಳುತ್ತದೆ.

ಹೊಂದಿಸುವುದು ಹೀಗೆ. ಮುಂದಿನ, ಹಿಂದಿನ ಎರಡೂ ಸ್ಟಾಪ್ ಬೋಲ್ಟ್ ಪೂರ್ತಿ ಹಿಂದಕ್ಕೆ ಬಿಡಿ. ಮೂರನೇ ಗೇರ್ ಹಾಕಿ, ಲಿವರನ್ನು ಮೆಲ್ಲಗೆ ಮುಂದಕ್ಕೆ ಒತ್ತಿ ಹಿಡಿಯಿರಿ. ಬೋಲ್ಟ್ ತಿರುಗಿಸುತ್ತಾ ಬನ್ನಿ. ಲಿವರ್‌ಗೆ ಮುಟ್ಟಿದ್ದು ಕೈಗೆ ತಿಳಿಯುತ್ತದೆ. ಒತ್ತುವುದು ಬಿಟ್ಟು, ಬೋಲ್ಟ್ ಇನ್ನೊಂದು ಸುತ್ತು ಒಳಗೆ ಕೊಟ್ಟು ಲಾಕ್ ನಟ್ ಬಿಗಿ ಮಾಡಿ. ನಾಲ್ಕಕ್ಕೂ ಹಾಗೆಯೇ. ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ. ಆಮೇಲೆ ಆರೂ ಗೇರ್ ಪೂರ್ತಿ ಬೀಳುತ್ತವಾ ಅಂತ ನೋಡಲೇಬೇಕು. ಸ್ಟಾಪ್ ಅತಿ ಒಳಗೆ ಬಂದರೆ ಗೇರ್ ಅರ್ಧ ಕೂತು, ಓಡುವಾಗ ಹೊರಗೆ ಜಿಗಿಯುತ್ತದೆ.

ಮೂರನೇ ಗೇರ್:
ಐದು ವಾರದ ನಂತರ ಬರೆಯುತ್ತಿದ್ದೇನೆ.

ಮೊದಲು ಬುಷ್ ಮಾತ್ರ ಬದಲಿಸಿದೆ. ಬಾಡಿ ಕಡೆ ಪಾಲಿ, ಜಾಯಿಂಟ್‌ಗೆ ಡೆಲ್ರಿನ್. ಎಂಜಿನ್ ಮೌಂಟ್ ಚೆನ್ನಾಗಿತ್ತು, ಗೇರ್‌ಬಾಕ್ಸ್ ಮೌಂಟ್ ಕುಸಿದಿತ್ತು, ಅದೂ ಹೊಸದು. ಗೇರ್‌ಬಾಕ್ಸ್ ಆಯಿಲ್ ಕೂಡ ಬದಲಿಸಿದೆ. ಮೂರು ವಾರ ಹಾಗೇ ಓಡಿಸಿದೆ. ಆಫೀಸಿಗೆ ಹೋಗುವಾಗ ಇನ್ನೇನೂ ಬೇಡ ಅನ್ನಿಸಿತು. ಟ್ರ್ಯಾಕ್‌ನಲ್ಲಿ ಇಡೀ ದಿನ ಎರಡು ಸಲ ಮಾತ್ರ ಮೂರು ತಪ್ಪಿತು.

ಆ ಎರಡು ಸಲ ಮನಸ್ಸಿನಿಂದ ಹೋಗಲಿಲ್ಲ. ಗೇರ್‌ಬಾಕ್ಸ್‌ಗೆ ಬೋಲ್ಟ್ ಆಗುವ ಶಿಫ್ಟರ್ ತರಿಸಿದೆ. ಆರಿಸುವಾಗ ಥ್ರೋ ಕಡೆ ನೋಡಲೇ ಇಲ್ಲ. ಸೆಂಟರಿಂಗ್ ಸ್ಪ್ರಿಂಗ್ ಗಟ್ಟಿ ಇದೆಯಾ, ಸ್ಟಾಪ್ ಬೋಲ್ಟ್ ಇದೆಯಾ, ರಿವರ್ಸ್ ಲಾಕ್ (ತಪ್ಪಿ ರಿವರ್ಸ್ ಬೀಳದ ಹಾಗೆ ತಡೆಯುವುದು) ಹಾಗೇ ಉಳಿಯುತ್ತದಾ, ಕೆಳಗಿನ ಬೂಟ್ ಕೂರುತ್ತದಾ: ಈ ನಾಲ್ಕೇ. ಹಾಕಲು ಒಂದು ಪೂರ್ತಿ ದಿನ ಹಿಡಿಯಿತು. ಪ್ರೊಪೆಲರ್ ಶಾಫ್ಟ್ ಇಳಿಸಬೇಕಾಯಿತು, ಅದಕ್ಕೆ ಮೊದಲು ಜೋಡಣೆಗೆ ಬಣ್ಣದಲ್ಲಿ ಗುರುತು ಹಾಕಿಕೊಂಡೆ. ಮೇಲಿನ ಒಂದು ಬೋಲ್ಟ್‌ಗೆ ಪಾನಾ ಹೋಗುವುದು ಬೆರಳ ತುದಿಯಷ್ಟು ಸಂದಿಯಲ್ಲಿ, ಅದೊಂದಕ್ಕೇ ಮುಕ್ಕಾಲು ಗಂಟೆ.

ಮೊನ್ನೆ ಟ್ರ್ಯಾಕ್‌ನಲ್ಲಿ ಇಡೀ ದಿನ ಓಡಿಸಿದೆ. ಮೂರು ಒಂದು ಸಲವೂ ತಪ್ಪಲಿಲ್ಲ. ಎರಡರಿಂದ ಬಿಡಿಸಿಕೊಂಡ ಕೂಡಲೇ ಲಿವರ್ ತಾನೇ ಬಲಕ್ಕೆ ಸರಿದು ಸಾಲಿಗೆ ಬರುತ್ತದೆ, ನಾನು ಅಂಗೈಯಲ್ಲಿ ತಳ್ಳಿದರೆ ಸಾಕು. ಬೀಳುವಾಗ ಪೆಟ್ಟಿಗೆಯ ಚಿಲಕ ಹಾಕಿದ ಹಾಗೆ ಒಂದು ‘ಟಕ್’.

ಸದ್ದು ಜಾಸ್ತಿ ಆಗಿದೆ, ನಿಜ. 2,800ರ ಆಸುಪಾಸಿನಲ್ಲಿ ನಾಬ್ ಗುಂಯ್ ಅನ್ನುತ್ತದೆ. ಅದು ಇರಲಿ ಅಂತ ಬಿಟ್ಟಿದ್ದೇನೆ. ಬೆಳಿಗ್ಗೆ ಗೇರ್‌ಬಾಕ್ಸ್ ಬಿಸಿಯಾಗುವ ತನಕ ಎರಡು ಸ್ವಲ್ಪ ಬಿಗಿ. ಇದು ಸರಿ ಹೋಗುತ್ತದಾ ಹಳೇ ಲೇತ್ ಸರ್?

ಹಳೇ ಲೇತ್:
ತಂಪಾದ ಆಯಿಲ್ ಮಂದ ಇರುತ್ತದೆ, ಸಿಂಕ್ರೊಗೆ ಉಜ್ಜಲು ಹೊತ್ತು ಬೇಕು. ಮೊದಲ ಹತ್ತು ನಿಮಿಷ ಕೈಗೆ ಅವಸರ ಬೇಡ. ಯಾವ ಆಯಿಲ್ ಹಾಕಿದಿರಿ ಅಂತ ಒಮ್ಮೆ ಡಬ್ಬಿ ನೋಡಿ. ಟಿ-56ಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್) ಹಾಕಬೇಕು, ಕೆಲವಕ್ಕೆ ಜಿಎಲ್-4 ದರ್ಜೆಯ ಗೇರ್ ಆಯಿಲ್. ಹಿತ್ತಾಳೆ ಸಿಂಕ್ರೊ ಇರುವ ಬಾಕ್ಸ್‌ಗೆ ಜಿಎಲ್-5 ಹಾಕಿದರೆ ಅದರಲ್ಲಿರುವ ಗಂಧಕದ ಸೇರ್ಪಡೆ ಹಿತ್ತಾಳೆಯನ್ನು ತಿನ್ನಬಹುದು. ನಿಮ್ಮ ಕಾರಿನ ಪುಸ್ತಕದಲ್ಲಿ ಏನಿದೆಯೋ ಅದೇ ಇರಲಿ.

500 ಕಿ.ಮೀ. ಆದ ಮೇಲೆ ಸ್ಟಾಪ್ ಬೋಲ್ಟ್‌ನ ಲಾಕ್ ನಟ್‌ಗಳಿಗೆ ಒಂದು ಸಲ ಪಾನಾ ಹಾಕಿ ನೋಡಿ.

ಮೂರನೇ ಗೇರ್:
ಡಬ್ಬಿ ನೋಡಿದೆ ಸರ್, ಪುಸ್ತಕದಲ್ಲಿರುವುದೇ ಹಾಕಿದ್ದೇನೆ. ಲಾಕ್ ನಟ್ ಮುಂದಿನ ಭಾನುವಾರ ನೋಡುತ್ತೇನೆ. ಹಳೇ ಬುಷ್ ಬಿಸಾಕಿಲ್ಲ, ಬಿರುಕಿನ ಫೋಟೋ ಹಾಕುತ್ತೇನೆ. ಇದೇ ತೊಂದರೆ ಇರುವವರು ಕೆಳಗೆ ಹೋಗಿ ತಮ್ಮದನ್ನು ಹೋಲಿಸಿ ನೋಡಲಿ.